ಬೂದಿಯಲ್ಲಿ ಮೀಯುವ ಚಿಂಚಿಲಾ ಮೈಸೂರಿಗೆ ಒಗ್ಗುತ್ತದೆಯೇ?

ಪ್ರಶ್ನೆ: ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಮೊಲ ಸಾಕುತ್ತಿದ್ದೇವೆ. ನಡುವೆ ಎರಡು ಗಿನಿಪಿಗ್ ಕೂಡ ಇದ್ದವು. ಈ ಸಲ ಟೊರಾಂಟೊದಲ್ಲಿರುವ ತಮ್ಮನ ಮನೆಗೆ ಹೋದಾಗ ಅಲ್ಲಿ ಒಂದು ಚಿಂಚಿಲಾ ನೋಡಿದೆವು. ಮುಖ ಇಲಿಯ ಥರ, ಕಿವಿ ಮೊಲದ ಥರ, ಬಾಲ ಅಳಿಲಿನ ಥರ. ನೀರು ಸೋಕಿಸಬಾರದಂತೆ, ಬೂದಿಯಂಥ ಪುಡಿಯಲ್ಲಿ ಹೊರಳುತ್ತದೆ. ಇದು ಯಾವ ಜಾತಿಯ ಪ್ರಾಣಿ? ನಾವು ಸಾಕುವ ಉಳಿದ ಪ್ರಾಣಿಗಳಿಗಿಂತ ಹೇಗೆ ಬೇರೆ? ಮಗಳು ಮೈಸೂರಿನಲ್ಲೂ ಒಂದು ಸಾಕೋಣ ಎಂದು ಹಟ ಹಿಡಿದಿದ್ದಾಳೆ. ಮೊಲ ಸಾಕಿದ ಅನುಭವ ಸಾಕಾಗುವುದಿಲ್ಲವೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಮೊಲ ಸಾಕಿದ ಅನುಭವ ಅರ್ಧ ಕೆಲಸಕ್ಕೆ ಬರುತ್ತದೆ, ಇನ್ನರ್ಧ ಕೆಲಸ ಕೆಡಿಸುತ್ತದೆ. ಒಣಹುಲ್ಲು ಹಾಕುವುದು, ಹಿಕ್ಕೆಯ ಮೇಲೆ ಕಣ್ಣಿಡುವುದು, ತಿನ್ನುವುದು ನಿಲ್ಲಿಸಿದರೆ ಆ ದಿನವೇ ಡಾಕ್ಟರ ಹತ್ತಿರ ಓಡುವುದು, ಇವೆಲ್ಲ ನಿಮಗೆ ರೂಢಿ. ಆದರೆ ಸೆಕೆ ಜಾಸ್ತಿಯಾದರೆ ಮೈಮೇಲೆ ನೀರು ಚಿಮುಕಿಸುವುದು, ಪ್ರೀತಿಗೆ ಒಂದು ಚೂರು ಕ್ಯಾರೆಟ್ಟೋ ಬಾಳೆಹಣ್ಣೋ ಕೊಡುವುದು, ಓಡಿಹೋಗುವಾಗ ಗಬಕ್ಕನೆ ಹಿಡಿದುಕೊಳ್ಳುವುದು, ಇವೂ ರೂಢಿಯೇ ಅಲ್ವಾ? ಈ ಮೂರೂ ಚಿಂಚಿಲಾಗೆ ಆಗದ ಕೆಲಸ. ಯಾಕೆ ಎನ್ನುವುದು ಗೊತ್ತಾದರೆ ಪ್ರಾಣಿಯೂ ಅರ್ಥವಾಗುತ್ತದೆ.

ಯಾವ ಜಾತಿ ಎಂದು ಕೇಳಿದ್ದೀರಿ. ಮೊದಲು ಮೊಲವನ್ನು ಪಕ್ಕಕ್ಕಿಡೋಣ. ಮೊಲ ಇಲಿಯ ಬಳಗಕ್ಕೇ ಸೇರಿದ್ದಲ್ಲ. ನಿಮ್ಮ ಮೊಲದ ಮೇಲ್ತುಟಿ ಎತ್ತಿ ನೋಡಿ: ಎದುರಿನ ಎರಡು ದೊಡ್ಡ ಹಲ್ಲಿನ ಹಿಂದೆ ಇನ್ನೆರಡು ಪುಟಾಣಿ ಹಲ್ಲು ಅಡಗಿರುತ್ತವೆ. ಇಲಿ, ಅಳಿಲು, ಚಿಂಚಿಲಾಗಳಿಗೆ ಆ ಎರಡು ಹಲ್ಲು ಇಲ್ಲ. ಪುಸ್ತಕದಲ್ಲಿ ದಂಶಕಗಳು ಎಂದು ಕರೆಯುವ ಗುಂಪಿಗೆ ಸೇರುವುದು ಈ ಎರಡನೆಯವು. ಹಾಗಾಗಿ ನಿಮ್ಮ ಮಗಳು ಚಿಂಚಿಲಾವನ್ನು ಇಲಿ ಎಂದು ಕರೆದರೆ ಅಷ್ಟೇನೂ ತಪ್ಪಿಲ್ಲ, ಮೊಲ ಎಂದರೆ ತಪ್ಪು.

ಆದರೆ ದಂಶಕಗಳಲ್ಲೂ ಬೇರೆ ಬೇರೆ ಮನೆತನಗಳಿವೆ. ಅಳಿಲಿನದು ಒಂದು, ಇಲಿ-ಹೆಗ್ಗಣಗಳದ್ದು ಒಂದು, ಮುಳ್ಳುಹಂದಿಯದು ಇನ್ನೊಂದು. ಚಿಂಚಿಲಾ ಸೇರಿರುವುದು ಮುಳ್ಳುಹಂದಿಯ ಮನೆತನಕ್ಕೆ. ನಮ್ಮ ಕಡೆ ರಾತ್ರಿ ಹೊಲಕ್ಕೆ ಬಂದು ಗೆಡ್ಡೆಗೆಣಸು ಅಗೆದು ತಿನ್ನುವ ಮುಳ್ಳುಹಂದಿ ಇದೆಯಲ್ಲ, ಕರ್ನಾಟಕದ ಕಾಡು ಹೊಲಗಳಲ್ಲಿ ಚಿಂಚಿಲಾಗೆ ಹತ್ತಿರದ ನೆಂಟ ಅದೇ. ನೋಡಿದರೆ ನಂಬುವುದು ಕಷ್ಟ. ಒಂದರ ಮೈ ಮುಟ್ಟಿದರೆ ಚುಚ್ಚುತ್ತದೆ, ಇನ್ನೊಂದರ ಮೈ ಮುಟ್ಟಿದ್ದೇ ಗೊತ್ತಾಗುವುದಿಲ್ಲ. ನೆಂಟಸ್ತಿಕೆ ಕಾಣಿಸುವುದು ತಲೆಬುರುಡೆಯಲ್ಲಿ. ಈ ಮನೆತನದವುಗಳಿಗೆ ಕಣ್ಣಿನ ಮುಂದೆ ಮೂಳೆಯಲ್ಲಿ ಒಂದು ದೊಡ್ಡ ತೂತು ಇರುತ್ತದೆ. ಅಗಿಯುವ ಸ್ನಾಯುವಿನ ಒಂದು ಭಾಗ ಆ ತೂತಿನೊಳಗೆ ಹಾದು ಮೂತಿಯವರೆಗೆ ಹೋಗುತ್ತದೆ. ಇದೇ ಮನೆತನದ ಪೂರ್ವಜರು ಸುಮಾರು 4 ಕೋಟಿ ವರ್ಷದ ಹಿಂದೆ ಆಫ್ರಿಕಾದಿಂದ ದಕ್ಷಿಣ ಅಮೆರಿಕಾ ಸೇರಿದರು. ನದಿಯಿಂದ ಕೊಚ್ಚಿಹೋದ ಮರಗಿಡಗಳ ರಾಶಿಯನ್ನೇ ತೆಪ್ಪ ಮಾಡಿಕೊಂಡು ಕಡಲು ದಾಟಿರಬೇಕು ಎಂಬುದು ಹೆಚ್ಚಿನ ವಿಜ್ಞಾನಿಗಳ ಅಂದಾಜು. ಅಲ್ಲಿ ಅವುಗಳ ಸಂತಾನ ಕವಲೊಡೆದು ಗಿನಿಪಿಗ್, ಕ್ಯಾಪಿಬಾರಾ, ಚಿಂಚಿಲಾ ಎಲ್ಲ ಆದವು. ಅಂದರೆ ನೀವು ಸಾಕಿದ್ದ ಗಿನಿಪಿಗ್ ಚಿಂಚಿಲಾಗೆ ದಾಯಾದಿ. ಅದಕ್ಕಿಂತ ಹತ್ತಿರದ್ದು ವಿಸ್ಕಾಚಾ ಎನ್ನುವ ಪ್ರಾಣಿ. ಬೆಟ್ಟದ ವಿಸ್ಕಾಚಾ ನೋಡಿದರೆ ಮೊಲಕ್ಕೆ ಉದ್ದ ಬಾಲ ಅಂಟಿಸಿದ ಹಾಗಿರುತ್ತದೆ.

ಇನ್ನು ಊರು. ಚಿಂಚಿಲಾಗಳಲ್ಲಿ ಎರಡು ಬಗೆ: ಉದ್ದ ಬಾಲದ್ದು, ಗಿಡ್ಡ ಬಾಲದ್ದು. ಗಿಡ್ಡ ಬಾಲದ್ದು ಚಿಲಿ, ಬೊಲಿವಿಯಾ, ಅರ್ಜೆಂಟೀನಾ ಕೂಡುವ ಕಡೆ ಆಂಡಿಸ್ ಪರ್ವತಗಳ ತೀರಾ ಎತ್ತರದಲ್ಲಿ, 3000 ಮೀಟರಿನಿಂದ ಮೇಲೆ ಇರುತ್ತದೆ. ನಿಮ್ಮ ತಮ್ಮನ ಮನೆಯಲ್ಲಿರುವುದು ಉದ್ದ ಬಾಲದ್ದರ ವಂಶ. ಅದರ ಮೂಲ ಚಿಲಿ ದೇಶ. ಕಾಡಿನಲ್ಲಿ ಈಗ ಉಳಿದಿರುವ ಉದ್ದ ಬಾಲದವುಗಳಲ್ಲಿ ಬಹುಪಾಲು ಇರುವುದು ಕೊಕಿಂಬೊ ಪ್ರಾಂತ್ಯದ ಇಲಾಪೆಲ್ ಊರಿನ ಹತ್ತಿರದ ಕಲ್ಲುಗುಡ್ಡಗಳಲ್ಲಿ. ಅಲ್ಲಿ 1983ರಲ್ಲಿ ಅವುಗಳಿಗಾಗಿಯೇ ಒಂದು ರಾಷ್ಟ್ರೀಯ ರಕ್ಷಿತ ಪ್ರದೇಶ ಮಾಡಿದರು. ವಿಸ್ತಾರ ಸುಮಾರು 4,200 ಹೆಕ್ಟೇರ್. ಚಿಂಚಿಲಾ ಎಂದ ಕೂಡಲೇ ಹಿಮದ ಶಿಖರದ ಚಿತ್ರ ಹಾಕುವವರು ಜಾಸ್ತಿ. ಈ ಗುಡ್ಡಗಳು ಹಾಗಿಲ್ಲ. ಕುರುಚಲು ಮುಳ್ಳುಗಿಡ, ಪಾಪಾಸುಕಳ್ಳಿಯ ಥರದ ಗಿಡಗಳು, ಬಂಡೆಯ ಸಂದುಗಳು, ಪೂಯಾ ಎಂಬ ಚೂಪು ಎಲೆಯ ದೊಡ್ಡ ಪೊದೆ. ಪೂಯಾ ನಮ್ಮ ಅನಾನಸಿನ ಕುಟುಂಬದ್ದೇ. ಚಿಂಚಿಲಾಗಳು ಬಂಡೆಯ ಬಿರುಕಿನಲ್ಲೋ ಪೂಯಾದ ಬುಡದಲ್ಲೋ ಹಗಲೆಲ್ಲ ಅಡಗಿದ್ದು, ಕತ್ತಲಾದ ಮೇಲೆ ಗುಂಪಾಗಿ ಹೊರಗೆ ಬರುತ್ತವೆ. ಮಳೆ ಕಡಿಮೆ, ಗಾಳಿ ಒಣಕಲು, ರಾತ್ರಿ ಚಳಿ. ನರಿಯೂ ಗೂಬೆಯೂ ಹೊಂಚು ಹಾಕಿರುತ್ತವೆ. ತಿನ್ನಲು ಸಿಗುವುದು ಒಣ ಹುಲ್ಲು, ತೊಗಟೆ, ಕಳ್ಳಿಯ ಚೂರು.

ಚಳಿ, ಒಣಗಾಳಿ, ಬಡ ಮೇವು, ಗೂಬೆಯ ಭಯ. ಚಿಂಚಿಲಾದಲ್ಲಿ ನೀವು ಕಾಣುವ ವಿಚಿತ್ರಗಳಿಗೆಲ್ಲ ಈ ನಾಲ್ಕರಲ್ಲೇ ಉತ್ತರವಿದೆ.

ಚಳಿಯಿಂದ ಶುರು ಮಾಡೋಣ, ಅಂದರೆ ತುಪ್ಪಳದಿಂದ. ನೆಲದ ಮೇಲೆ ಬದುಕುವ ಪ್ರಾಣಿಗಳಲ್ಲಿ ಚಿಂಚಿಲಾದಷ್ಟು ಒತ್ತಾದ ತುಪ್ಪಳ ಇನ್ನೊಂದಕ್ಕಿಲ್ಲ ಎನ್ನುತ್ತಾರೆ. ಅದನ್ನು ಮೀರಿಸುವುದು ಕಡಲಿನ ನೀರುನಾಯಿ, ಅದರ ಜೀವನ ನೀರಿನಲ್ಲಿ. ನಮ್ಮ ತಲೆಯಲ್ಲಿ ಒಂದು ರಂಧ್ರದಿಂದ ಸಾಮಾನ್ಯವಾಗಿ ಒಂದೋ ಎರಡೋ ಕೂದಲು ಹೊರಡುತ್ತವೆ. ಚಿಂಚಿಲಾದಲ್ಲಿ ಒಂದೊಂದು ರಂಧ್ರದಿಂದ 60ರ ಆಸುಪಾಸು ಕೂದಲು ಕುಂಚದ ಹಾಗೆ ಒಟ್ಟಿಗೆ ಹೊರಡುತ್ತವೆ. ಒಂದು ಚದರ ಸೆಂಟಿಮೀಟರಿಗೆ ಸುಮಾರು 20,000 ಕೂದಲು. ಬೆರಳಿಟ್ಟರೆ ಬೆರಳಿಗೆ ಏನೂ ತಾಗಿದ ಹಾಗಿರುವುದಿಲ್ಲ, ತಣ್ಣನೆಯ ಹೊಗೆಯೊಳಗೆ ಕೈ ಇಟ್ಟಂತೆ. ಇಷ್ಟು ಒತ್ತಾಗಿರುವುದರಿಂದ ಚಿಗಟಗಳಿಗೂ ಒಳಗೆ ನುಗ್ಗಿ ಸಂಸಾರ ಹೂಡುವುದು ಕಷ್ಟ. ನಾಯಿ, ಬೆಕ್ಕಿಗೆ ಬರುವ ಚಿಗಟದ ಕಾಟ ಚಿಂಚಿಲಾದಲ್ಲಿ ತೀರಾ ಅಪರೂಪ.

ಆದರೆ ಇಂಥ ತುಪ್ಪಳದ ಬುಡಕ್ಕೆ ನೀರು ಇಳಿದರೆ ಆರುವುದೇ ಇಲ್ಲ. ಒಮ್ಮೆ ಒಬ್ಬರು ಬೇಬಿ ಶಾಂಪೂ ಹಾಕಿ ಸ್ನಾನ ಮಾಡಿಸಿ, ಟವೆಲಿನಲ್ಲಿ ಚೆನ್ನಾಗಿ ಒರೆಸಿ, ಮರುದಿನ ನನ್ನಲ್ಲಿಗೆ ತಂದಿದ್ದರು. ಮೇಲೆ ಒಣಗಿದ ಹಾಗಿತ್ತು. ತುಪ್ಪಳ ಊದಿ ಬಿಡಿಸಿ ನೋಡಿದರೆ ಬುಡದಲ್ಲಿ ಇನ್ನೂ ತೇವ, ಪ್ರಾಣಿ ನಡುಗುತ್ತಿತ್ತು. ಹೀಗೆ ತೇವ ಉಳಿದರೆ ಒಂದು ಕಡೆ ಶೀತ, ಇನ್ನೊಂದು ಕಡೆ ಚರ್ಮಕ್ಕೆ ಬೂಷ್ಟು ಹಿಡಿದು ಹುಳುಕಡ್ಡಿಯಂಥ ರೋಗ. ಅಪ್ಪಿತಪ್ಪಿ ಒದ್ದೆಯಾದರೆ ಮೊದಲು ಟವೆಲು, ಆಮೇಲೆ ಹೇರ್‌ಡ್ರೈಯರಿನ ತಣ್ಣನೆಯ ಗಾಳಿ. ಬಿಸಿಗಾಳಿ ಬೇಡ.

ಹಾಗಾದರೆ ಮೈ ಚೊಕ್ಕಟ ಹೇಗೆ? ಅದಕ್ಕೇ ನೀವು ನೋಡಿದ ಆ ಪುಡಿ. ನಮ್ಮ ಅಂಗಳದ ಗುಬ್ಬಿ, ಕೋಳಿ ಮಣ್ಣಿನಲ್ಲಿ ಹೊರಳುವುದಿಲ್ಲವೇ? ಇದೂ ಹಾಗೆಯೇ. ಚಿಂಚಿಲಾದ ಚರ್ಮದಿಂದಲೂ ಕುರಿಯ ಉಣ್ಣೆಯಲ್ಲಿರುವಂಥ ಜಿಡ್ಡು ಒಸರುತ್ತದೆ. ನೀರಿಲ್ಲದ ಊರಲ್ಲಿ ಆ ಜಿಡ್ಡನ್ನೂ ತೇವವನ್ನೂ ಹೀರಿ ತೆಗೆಯಲು ನುಣುಪು ಧೂಳೇ ಗತಿ. ಅಂಗಡಿಯಲ್ಲಿ ಚಿಂಚಿಲಾ ಡಸ್ಟ್ ಎಂದು ಸಿಗುವುದು ಜ್ವಾಲಾಮುಖಿಯ ಪ್ಯೂಮಿಸ್ ಕಲ್ಲಿನದೋ ಒಂದು ಬಗೆಯ ಜೇಡಿಯದೋ ಪುಡಿ. ವಿಭೂತಿಯಷ್ಟು ನುಣುಪು. ವಾರಕ್ಕೆ ಎರಡು ಮೂರು ಸಲ, ಹತ್ತು ಹದಿನೈದು ನಿಮಿಷ ಒಂದು ಬೋಗುಣಿಯಲ್ಲಿ ಇಟ್ಟರೆ ಅದೇ ಹೊರಳಿ, ಪಲ್ಟಿ ಹೊಡೆದು, ಕೊಡವಿಕೊಂಡು ಎದ್ದು ಬರುತ್ತದೆ. ಆಮೇಲೆ ಬೋಗುಣಿ ತೆಗೆದಿಡಿ. ಇಡೀ ದಿನ ಇಟ್ಟರೆ ಕಣ್ಣು ಕೆಂಪಾಗುತ್ತದೆ, ಚರ್ಮ ಒಣಗುತ್ತದೆ. ಎಂ-ಸ್ಯಾಂಡೋ ಹೊಳೆ ಮರಳೋ ಸಾಕಲ್ಲ ಎಂದು ಕೇಳುವವರಿದ್ದಾರೆ. ಆಗದು. ಮರಳಿನ ಕಣ ಒರಟು, ಕೂದಲು ಕತ್ತರಿಸುತ್ತದೆ, ಜಿಡ್ಡು ಹೀರುವುದಿಲ್ಲ. ಮುಖಕ್ಕೆ ಹಾಕುವ ಪೌಡರಂತೂ ಶ್ವಾಸಕ್ಕೇ ತೊಂದರೆ.

ಇನ್ನು ನಿಮ್ಮ ಮಗಳಿಗೆ ಬೇಸರವಾಗುವ ಭಾಗ. ಇಷ್ಟು ದಪ್ಪ ಕಂಬಳಿ ಹೊದ್ದಿರುವ ಪ್ರಾಣಿಗೆ ಬೆವರೇ ಬರುವುದಿಲ್ಲ. ನಾಯಿಯಂತೆ ನಾಲಿಗೆ ಚಾಚಿ ಏದುಸಿರು ಬಿಟ್ಟು ಮೈ ತಂಪು ಮಾಡಿಕೊಳ್ಳುವ ಶಕ್ತಿಯೂ ಇಲ್ಲ. ಒಳಗಿನ ಬಿಸಿ ಹೊರಹೋಗಲು ಇರುವ ದೊಡ್ಡ ಬಾಗಿಲು ಆ ತೆಳ್ಳನೆಯ, ಹೆಚ್ಚು ಕೂದಲಿಲ್ಲದ ಕಿವಿಗಳು. ಚಿಂಚಿಲಾಗೆ ಹಿತವಾದ ಹವೆ 10ರಿಂದ 20 ಡಿಗ್ರಿ ಸೆಲ್ಸಿಯಸ್. 25 ದಾಟಿದರೆ ಹುಷಾರಾಗಬೇಕು. 27-28 ದಾಟಿದರೆ ಸೆಕೆ ಬಡಿದು ಕೆಲವೇ ಗಂಟೆಯಲ್ಲಿ ಸಾಯಬಹುದು. ಕಿವಿ ಕೆಂಪಗಾಗಿ ರಕ್ತನಾಳ ಎದ್ದು ಕಾಣುವುದು, ಪಕ್ಕಕ್ಕೆ ಮಲಗಿಬಿಡುವುದು, ಜೊಲ್ಲು ಸುರಿಸುವುದು ಇದರ ಲಕ್ಷಣ.

ಫ್ಯಾನ್ ಹಾಕಿದರಾಯಿತು ಎಂದುಕೊಳ್ಳಬೇಡಿ. ಫ್ಯಾನು ನಮಗೆ ತಂಪು ಕೊಡುವುದು ಬೆವರು ಆರುವುದರಿಂದ. ಬೆವರೇ ಇಲ್ಲದ ಪ್ರಾಣಿಗೆ ಅದು ಸುಮ್ನೆ ಬಿಸಿಗಾಳಿ ಬೀಸುತ್ತದೆ ಅಷ್ಟೆ.

ಮೈಸೂರು ತಂಪು ಊರು ಎಂದು ನೀವು ಹೇಳಬಹುದು. ಏಪ್ರಿಲಿನಲ್ಲಿ ಅಲ್ಲೂ 35 ಡಿಗ್ರಿ ಆಸುಪಾಸು ಹೋಗುತ್ತದೆ, ಅದು ಬಿಡಿ. ನನಗೆ ಅದಕ್ಕಿಂತ ಚಿಂತೆ ಮಳೆಗಾಲದ್ದು. ವಿದೇಶದಲ್ಲಿ ಚಿಂಚಿಲಾ ಸಾಕುವವರು ಬಳಸುವ ಒಂದು ಒರಟು ಲೆಕ್ಕವಿದೆ: ಫ್ಯಾರನ್‌ಹೀಟ್ ಉಷ್ಣತೆಗೆ ಗಾಳಿಯ ತೇವಾಂಶದ ಶೇಕಡಾ ಅಂಕಿ ಕೂಡಿಸಿ, ಮೊತ್ತ 150 ದಾಟಿದರೆ ಅಪಾಯ. ಇದು ಪ್ರಯೋಗಾಲಯದ ಸೂತ್ರವಲ್ಲ, ಅನುಭವದ ಲೆಕ್ಕ. ಆದರೂ ಹಾಕಿ ನೋಡಿ. ಜುಲೈನ ಒಂದು ಸಂಜೆ 24 ಡಿಗ್ರಿ ಸೆಲ್ಸಿಯಸ್ ಇದೆ ಎನ್ನೋಣ. ಅಂದರೆ 75 ಫ್ಯಾರನ್‌ಹೀಟ್. ತೇವಾಂಶ ಶೇ. 85. ಮೊತ್ತ 160. ನಾವು ಸ್ವೆಟರ್ ಹಾಕಿಕೊಂಡು ಬಜ್ಜಿ ತಿನ್ನುತ್ತಾ ಕುಳಿತಿರುವ ಸಂಜೆ ಅದಕ್ಕೆ ಗೆರೆ ದಾಟಿದ ಸಂಜೆ. ಮಂಗಳೂರು, ಕಾರವಾರದವರು ಲೆಕ್ಕ ಹಾಕುವ ಅಗತ್ಯವೇ ಇಲ್ಲ.

ಈ ಸೆಕೆಯ ವಿಷಯ ಚಿಂಚಿಲಾದ ಇತಿಹಾಸದಲ್ಲೂ ಇದೆ, ಕೇಳಿ. ಆಂಡಿಸ್‌ನ ಚಿಂಚಾ ಜನರಿಂದ ಇದಕ್ಕೆ ಆ ಹೆಸರು ಬಂತು ಎನ್ನುತ್ತಾರೆ. ಅಲ್ಲಿನವರು ಮೊದಲಿನಿಂದಲೂ ಅದರ ತುಪ್ಪಳ ಬಳಸುತ್ತಿದ್ದರು. 19ನೇ ಶತಮಾನದ ಕೊನೆಗೆ ಯೂರೋಪು, ಅಮೆರಿಕಾದ ಸಿರಿವಂತರಿಗೆ ಇದರ ಕೋಟಿನ ಹುಚ್ಚು ಹಿಡಿಯಿತು. ಒಂದು ಉದ್ದ ಕೋಟಿಗೆ ನೂರಕ್ಕಿಂತ ಹೆಚ್ಚು ಚರ್ಮ ಬೇಕು. ಲಕ್ಷಗಟ್ಟಲೆ ಕೊಂದರು. 1910ರಲ್ಲಿ ಚಿಲಿ, ಬೊಲಿವಿಯಾ, ಪೆರು, ಅರ್ಜೆಂಟೀನಾ ಸೇರಿ ಬೇಟೆ ನಿಲ್ಲಿಸುವ ಒಪ್ಪಂದ ಮಾಡಿಕೊಳ್ಳುವಷ್ಟರಲ್ಲಿ ಬೆಟ್ಟಗಳು ಬರಿದಾಗಿದ್ದವು. ಆಗ ಚಿಲಿಯ ತಾಮ್ರದ ಗಣಿಯಲ್ಲಿದ್ದ ಮಥಾಯಸ್ ಚಾಪ್‌ಮನ್ ಎಂಬ ಅಮೆರಿಕಾದ ಎಂಜಿನಿಯರಿಗೆ ಇವನ್ನು ಸಾಕಬೇಕೆಂಬ ಆಸೆ ಹುಟ್ಟಿತು. ಹಿಡಿಯಲು ಆಳುಗಳನ್ನು ಬೆಟ್ಟಕ್ಕೆ ಕಳಿಸಿದ. ವರ್ಷಗಟ್ಟಲೆ ಹುಡುಕಿದರೂ ಸಿಕ್ಕಿದ್ದು ಒಂದು ಡಜನ್ ಆಸುಪಾಸು. ಅವನ್ನು ಒಮ್ಮೆಲೇ ಕೆಳಗೆ ತಂದರೆ ಸಾಯುತ್ತವೆ ಎಂದು ಅವನಿಗೆ ಗೊತ್ತಿತ್ತು. ಸ್ವಲ್ಪ ಸ್ವಲ್ಪವೇ ಇಳಿಸುತ್ತಾ, ಅಲ್ಲಲ್ಲಿ ನಿಲ್ಲಿಸಿ ಹವೆಗೆ ಒಗ್ಗಿಸುತ್ತಾ, ಸಮುದ್ರ ಮಟ್ಟಕ್ಕೆ ತರಲು ಸುಮಾರು ಒಂದು ವರ್ಷ ತೆಗೆದುಕೊಂಡ. ಹಡಗಿನಲ್ಲಿ ಗೂಡುಗಳಿಗೆ ಐಸ್ ಇಟ್ಟು ತಂಪು ಮಾಡಿದ. 1923ರಲ್ಲಿ ಕ್ಯಾಲಿಫೋರ್ನಿಯಾ ತಲುಪಿದ್ದು 11 ಚಿಂಚಿಲಾ. ಇವತ್ತು ಜಗತ್ತಿನ ಮನೆಗಳಲ್ಲಿರುವ ಚಿಂಚಿಲಾಗಳಲ್ಲಿ ಬಹುಪಾಲು ಆ ಹನ್ನೊಂದರ ವಂಶ. ನಿಮ್ಮ ತಮ್ಮನ ಮನೆಯದೂ ಅದೇ ಇರಬೇಕು. ಬಿಳಿ, ಕಪ್ಪು, ಬೀಜ್ ಬಣ್ಣಗಳೆಲ್ಲ ಆಮೇಲೆ ಸಾಕಣೆಯಲ್ಲಿ ಬಂದವು. ಕಾಡಿನದು ಬೂದು ಬಣ್ಣದ್ದೊಂದೇ. ಸಾಕಣೆಗೆ ಬಂದು ನೂರು ವರ್ಷವಾದರೂ ಸೆಕೆ ತಡೆಯುವ ಗುಣ ಮಾತ್ರ ಬರಲಿಲ್ಲ.

ಬಡ ಮೇವಿನ ವಿಷಯಕ್ಕೆ ಬರೋಣ. ಇಲ್ಲಿ ಮೊಲ ಸಾಕಿದ ನಿಮಗೆ ಹೆಚ್ಚು ಹೇಳಬೇಕಿಲ್ಲ. ಇಲಿಗೆ ಮುಂದಿನ ಹಲ್ಲು ಮಾತ್ರ ಬೆಳೆಯುತ್ತಿರುತ್ತದೆ. ಚಿಂಚಿಲಾಗೆ ಮೊಲ, ಗಿನಿಪಿಗ್‌ಗಳಂತೆ ದವಡೆ ಹಲ್ಲೂ ಸೇರಿ ಎಲ್ಲವೂ ಜೀವನಪೂರ್ತಿ ಬೆಳೆಯುತ್ತವೆ. ಒಟ್ಟು 20 ಹಲ್ಲು. ಮುಂದಿನವು ವರ್ಷಕ್ಕೆ 5-7 ಸೆಂಟಿಮೀಟರ್ ಬೆಳೆಯುತ್ತವೆ. ಸವೆಯಲು ಒರಟು ಒಣಹುಲ್ಲನ್ನು ಗಂಟೆಗಟ್ಟಲೆ ಅಗಿಯುತ್ತಲೇ ಇರಬೇಕು. ಒಂದು ಗಮ್ಮತ್ತಿನ ಭೇದ: ಆರೋಗ್ಯವಂತ ಮೊಲದ ಹಲ್ಲು ಬಿಳಿ, ಆರೋಗ್ಯವಂತ ಚಿಂಚಿಲಾದ ಮುಂದಿನ ಹಲ್ಲು ಅರಿಸಿನ-ಕಿತ್ತಳೆ ಬಣ್ಣ. ಹಲ್ಲು ಹಳದಿಯಾಗಿದೆ ಎಂದು ಗಾಬರಿಯಾಗಿ ಫೋನ್ ಮಾಡುವವರಿಗೆ ಸಂತೋಷಪಡಿ ಎನ್ನುತ್ತೇನೆ. ಬೆಳ್ಳಗಾಗುತ್ತಾ ಬಂದರೆ ತೋರಿಸಿ. ಗದ್ದ ಒದ್ದೆಯಾಗಿದ್ದರೆ ಆ ದಿನವೇ ತೋರಿಸಿ, ದವಡೆ ಹಲ್ಲು ಸೊಟ್ಟ ಬೆಳೆದು ಚುಚ್ಚುತ್ತಿರಬಹುದು.

ಹೊಟ್ಟೆ ಮೊಲಕ್ಕಿಂತಲೂ ನಾಜೂಕು. ಒಣಗಿದ್ದನ್ನೇ ತಿಂದು ಬದುಕಿದ ವಂಶ ಇದು. ಸಕ್ಕರೆ, ಎಣ್ಣೆ, ಹಸಿ ತರಕಾರಿ ಜಾಸ್ತಿಯಾದರೆ ಗ್ಯಾಸ್ ಕಟ್ಟಿಕೊಂಡು ಹೊಟ್ಟೆ ಉಬ್ಬುತ್ತದೆ. ವಾಂತಿ ಮಾಡುವ ಶಕ್ತಿಯೂ ಇಲ್ಲ. ನಮ್ಮಲ್ಲಿ ಪ್ರೀತಿ ಎಂದರೆ ದ್ರಾಕ್ಷಿ, ಬಾದಾಮಿ, ಶೇಂಗಾ. ನೆಂಟರು ಬಂದಾಗ ಪಂಜರದ ಹತ್ತಿರ ಡ್ರೈಫ್ರೂಟ್ಸ್ ತಟ್ಟೆ ಹೋಗದ ಹಾಗೆ ನೋಡಿಕೊಳ್ಳುವುದೇ ಒಂದು ಕೆಲಸ. ಒಣಹುಲ್ಲೇ ಮುಖ್ಯ ಊಟ, ದಿನಕ್ಕೆ ಒಂದೆರಡು ಚಮಚ ಪೆಲೆಟ್. ಕುದುರೆ ಮಸಾಲೆ ಸೊಪ್ಪು ಒಣಗಿಸಿದ್ದು ಮರಿಗಳಿಗೆ, ಗಬ್ಬದ ಹೆಣ್ಣಿಗೆ ಸರಿ. ಬೆಳೆದವಕ್ಕೆ ಅದೇ ದಿನದ ಊಟವಾಗಬಾರದು, ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಗಿನಿಪಿಗ್ ಪೆಲೆಟನ್ನೇ ಇದಕ್ಕೂ ಹಾಕಬೇಡಿ. ಗಿನಿಪಿಗ್‌ಗೆ ನಮ್ಮ ಹಾಗೆ ವಿಟಮಿನ್ ಸಿ ಹೊರಗಿನಿಂದ ಬೇಕು ಎಂದು ಅದನ್ನು ಬೇರೆ ಥರ ಮಾಡಿರುತ್ತಾರೆ.

ಒಂದು ವಿಷಯ ಮಾತ್ರ ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ. ಮನೆಯಲ್ಲಿ ಮಕ್ಕಳಿಗೆಂದು ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿರುತ್ತದಲ್ಲ, ಅದನ್ನು ಎರಡು ಹನಿ ಹಾಕೋಣ ಎಂದು ಯೋಚಿಸಲೂ ಬೇಡಿ. ಚಿಂಚಿಲಾ, ಮೊಲ, ಗಿನಿಪಿಗ್ ಮೂರಕ್ಕೂ ಬಾಯಿಯಿಂದ ಕೊಡುವ ಪೆನಿಸಿಲಿನ್ ಜಾತಿಯ ಔಷಧಿಗಳು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು, ಕೆಟ್ಟವು ಮಿತಿಮೀರಿ, ಪ್ರಾಣಿಯೇ ಹೋಗಬಹುದು. ನಾಯಿಗೆ ಕೊಟ್ಟು ಗುಣವಾಯಿತು ಎನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಗೂಬೆಯ ಭಯ ಎಂದೆನಲ್ಲ. ಹಲ್ಲಿ ಬಾಲ ಬಿಟ್ಟು ಓಡುವುದನ್ನು ನೋಡಿದ್ದೀರಿ. ಚಿಂಚಿಲಾ ಕೂದಲು ಬಿಟ್ಟು ಓಡುತ್ತದೆ. ಗಬಕ್ಕನೆ ಹಿಡಿದರೆ ಹಿಡಿದ ಜಾಗದ ತುಪ್ಪಳವೆಲ್ಲ ಒಂದೇ ಏಟಿಗೆ ಸಡಿಲಾಗಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಗೂಬೆಯ ಉಗುರಿಗೆ ಬರೀ ಕೂದಲು, ಪ್ರಾಣಿ ಬಂಡೆಯ ಸಂದಿಯಲ್ಲಿ. ಮತ್ತೆ ಬೆಳೆಯಲು ತಿಂಗಳುಗಳೇ ಬೇಕು. ಆದ್ದರಿಂದ ಎತ್ತಬೇಕಾದರೆ ಒಂದು ಕೈ ಎದೆಯ ಕೆಳಗೆ, ಒಂದು ಕೈ ಹಿಂಗಾಲಿನ ಕೆಳಗೆ, ಮೈಗೆ ಒತ್ತಿಕೊಂಡು. ಇದು ಮಡಿಲಲ್ಲಿ ಮಲಗುವ ಪ್ರಾಣಿಯಲ್ಲ. ಹತ್ತಿರ ಬಂದು ಹೆಗಲೇರಿ ಕೂರುತ್ತದೆ, ಕಿವಿ ಮೂಸುತ್ತದೆ, ತನಗೆ ಸಾಕೆನಿಸಿದಾಗ ಹಾರಿ ಹೋಗುತ್ತದೆ. ಹಾರುವುದೆಂದರೆ ನಾಲ್ಕೈದು ಅಡಿ ಎತ್ತರದ ಕಪಾಟಿನ ಮೇಲಕ್ಕೆ. ಹಿಂಗಾಲು ಅಷ್ಟು ಬಲ. ಉದ್ದನೆಯ ಪಂಜರಕ್ಕಿಂತ ಎತ್ತರದ ಪಂಜರ, ಒಳಗೆ ಮರದ ಹಲಗೆಯ ಮೆಟ್ಟಿಲುಗಳು ಬೇಕಾಗುವುದು ಅದಕ್ಕೇ.

ಕಿವಿ ಬಿಸಿ ಬಿಡಲು ಮಾತ್ರ ಅಲ್ಲ, ಗೂಬೆಯ ಸದ್ದು ಹಿಡಿಯಲೂ ಬೇಕು. ಇಲಿ, ಸುಂಡಿಲಿಗಳು ನಮಗೆ ಕೇಳದ ಕೀರಲು ದನಿಗಳ ಲೋಕದಲ್ಲಿರುತ್ತವೆ. ನಮಗೆ ಕೇಳುವ ತಗ್ಗು ಸ್ವರಗಳು ಅವಕ್ಕೆ ಅಷ್ಟಾಗಿ ಕೇಳುವುದಿಲ್ಲ. ಚಿಂಚಿಲಾದ ಕಿವಿ ಹಾಗಲ್ಲ. ಅದು ಕೇಳಿಸಿಕೊಳ್ಳುವ ಶಬ್ದಗಳ ವ್ಯಾಪ್ತಿ ಹೆಚ್ಚುಕಡಿಮೆ ಮನುಷ್ಯರದ್ದಕ್ಕೆ ಹೊಂದುತ್ತದೆ. ಜೊತೆಗೆ ಕಿವಿಯ ಹಿಂದಿನ ಮೂಳೆಯ ಗುಳ್ಳೆ ಬಹಳ ದೊಡ್ಡದು. ಅದಕ್ಕೇ ಗದ್ದಲದಿಂದ ಕಿವಿ ಹೇಗೆ ಹಾಳಾಗುತ್ತದೆ ಎಂದು ತಿಳಿಯಲು ವಿಜ್ಞಾನಿಗಳು ದಶಕಗಳಿಂದ ಚಿಂಚಿಲಾಗಳ ಮೇಲೆ ಪ್ರಯೋಗ ಮಾಡಿದ್ದಾರೆ. ಈಗ ನಮ್ಮ ದೀಪಾವಳಿಯ ರಾತ್ರಿ ನೆನಪಿಸಿಕೊಳ್ಳಿ. ಸೆಕೆಗಾದರೆ ಎ.ಸಿ. ಉಂಟು, ಪಕ್ಕದ ಮನೆಯ ಲಕ್ಷ್ಮೀ ಪಟಾಕಿಗೆ ಏನು ಮಾಡುತ್ತೀರಿ?

ಮರಿಗಳ ಸಂಗತಿಯಲ್ಲಿ ಚಿಂಚಿಲಾಗೂ ಇಲಿಗೂ ಆಕಾಶ ಭೂಮಿಯ ಅಂತರ. ಇಲಿಯ ಗಬ್ಬದ ಅವಧಿ ಮೂರು ವಾರ, ಮೊಲದ್ದು ಒಂದು ತಿಂಗಳು, ಗಿನಿಪಿಗ್‌ನದು ಎರಡು ತಿಂಗಳ ಮೇಲೆ. ಚಿಂಚಿಲಾದ್ದು 111 ದಿನ. ಇಲಿ, ಸಾಕುಮೊಲದ ಮರಿಗಳು ಕಣ್ಣು ಮುಚ್ಚಿ, ಬೋಳು ಮೈಯಲ್ಲಿ ಹುಟ್ಟುತ್ತವೆ. ಚಿಂಚಿಲಾ ಹಾಕುವುದು ಒಂದೋ ಎರಡೋ ಮರಿ. ಆದರೆ ಅವು ತುಪ್ಪಳ ಹೊದ್ದು, ಕಣ್ಣು ಬಿಟ್ಟುಕೊಂಡು, ಹಲ್ಲಿನ ಸಮೇತ ಬರುತ್ತವೆ. ಮೈ ಒಣಗುವಷ್ಟರಲ್ಲಿ ಓಡಾಟ ಶುರು. ಇದು ಮುಳ್ಳುಹಂದಿ ಮನೆತನದ ಗುಣ, ಗಿನಿಪಿಗ್ ಮರಿಯಲ್ಲೂ ನೋಡಿರುತ್ತೀರಿ. ಹೆಣ್ಣು ಗಂಡಿಗಿಂತ ದೊಡ್ಡದು, ಮನೆಯ ಯಜಮಾನಿಯೂ ಅವಳೇ. ಇಷ್ಟವಾಗದಿದ್ದರೆ ಹಿಂಗಾಲಿನ ಮೇಲೆ ನಿಂತು ಗುರಿಯಿಟ್ಟು ಉಚ್ಚೆ ಹಾರಿಸುತ್ತಾಳೆ. ಗಂಡಿಗೆ ಮಾತ್ರವಲ್ಲ, ಡಾಕ್ಟರಿಗೂ. ಮರಿ ಹಾಕಿದ ದಿನವೇ ಮತ್ತೆ ಗಬ್ಬ ಕಟ್ಟಬಲ್ಲದು, ಹಾಗಾಗಿ ಜೋಡಿ ಸಾಕುವವರು ಎರಡೂ ಹೆಣ್ಣೋ ಎರಡೂ ಗಂಡೋ ಇಟ್ಟುಕೊಳ್ಳುವುದು ಕ್ಷೇಮ.

ಆಯಸ್ಸು ಕೇಳಿದರೆ ನೀವು ಇನ್ನೊಮ್ಮೆ ಯೋಚಿಸುತ್ತೀರಿ. ಹ್ಯಾಮ್‌ಸ್ಟರ್, ಸಾಕಿದ ಇಲಿ ಎರಡು ಮೂರು ವರ್ಷ. ಗಿನಿಪಿಗ್ ಐದರಿಂದ ಎಂಟು. ನಿಮ್ಮ ಮೊಲ ಎಂಟು, ಹತ್ತು. ಅರ್ಧ ಕೆಜಿ ತೂಗುವ ಈ ಚಿಂಚಿಲಾ ಚೆನ್ನಾಗಿ ನೋಡಿಕೊಂಡರೆ 15 ವರ್ಷ, 20 ವರ್ಷ. ಅಮೆರಿಕಾದಲ್ಲಿ ರಾಡಾರ್ ಎಂಬ ಹೆಸರಿನ ಒಂದು ಚಿಂಚಿಲಾ 2014ರಲ್ಲಿ ಸಾಯುವಾಗ ಅದಕ್ಕೆ 29 ವರ್ಷ ದಾಟಿತ್ತು, ಅದೇ ದಾಖಲೆ. ನಿಮ್ಮ ಮಗಳಿಗೆ ಈಗ ಎಷ್ಟು ವಯಸ್ಸೆಂದು ನೀವು ಬರೆದಿಲ್ಲ. ಅವಳು ಓದು ಮುಗಿಸಿ, ಕೆಲಸಕ್ಕೆ ಸೇರಿ, ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೂ ಅದು ಇರುತ್ತದೆ. ಆಗ ರಾತ್ರಿ ಹನ್ನೊಂದಕ್ಕೆ ಹಲಗೆಯಿಂದ ಹಲಗೆಗೆ ಧಡ್ ಧಡ್ ಹಾರುವ ಸದ್ದು ಕೇಳುತ್ತಾ ಮಲಗುವವರು ನೀವೇ.

ಹಾಗಾದರೆ ಮೈಸೂರಿನಲ್ಲಿ? ಸಾಧ್ಯವೇ ಇಲ್ಲ ಎನ್ನುವುದಿಲ್ಲ. ಒಂದು ಕೋಣೆಯನ್ನು ವರ್ಷದ ಹೆಚ್ಚುಕಡಿಮೆ ಎಲ್ಲ ದಿನ ಎ.ಸಿ. ಹಾಕಿ 20ರ ಆಸುಪಾಸಿನಲ್ಲಿ, ತೇವ ಕಡಿಮೆ ಮಾಡಿ ಇಡಬೇಕು. ಕರೆಂಟು ಹೋದಾಗ ಮನೆಯ ಸಾಮಾನ್ಯ ಯುಪಿಎಸ್ ಎ.ಸಿ. ಎಳೆಯುವುದಿಲ್ಲ, ಅದಕ್ಕೆ ಬೇರೆ ಏರ್ಪಾಟು ಬೇಕು. ಮಲಗಲು ಒಂದು ಗ್ರಾನೈಟ್ ತುಂಡು ಇಡಿ, ಅಡುಗೆಮನೆಯ ಕಟ್ಟೆಗೆ ಹಾಸಿ ಉಳಿದದ್ದೇ ಸಾಕು, ಅದರ ತಂಪು ಚಿಂಚಿಲಾಗೆ ಬಹಳ ಇಷ್ಟ. ಹತ್ತಿರದಲ್ಲಿ ಸಣ್ಣ ಪ್ರಾಣಿಗಳ ಹಲ್ಲು ನೋಡಲು ಬರುವ ಡಾಕ್ಟರು ಇದ್ದಾರೆಯೇ ಎಂದು ಮೊದಲೇ ವಿಚಾರಿಸಿ. ಕಾಡಿನ ಚಿಂಚಿಲಾ ಎರಡೂ ಬಗೆ ಅಳಿವಿನ ಅಂಚಿನಲ್ಲಿವೆ, ಅವುಗಳ ವ್ಯಾಪಾರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ನಿಷಿದ್ಧ. ಸಾಕಣೆಯ ವಂಶದವಕ್ಕೆ ಆ ನಿಷೇಧ ಇಲ್ಲ. ಆದರೂ ಜೀವಂತ ಪ್ರಾಣಿಯನ್ನು ಹೊರದೇಶದಿಂದ ತರಲು ಪರವಾನಗಿ, ಕ್ವಾರಂಟೈನ್ ಎಲ್ಲ ಉಂಟು. ಎಲ್ಲಿಂದ ಬಂತು ಎಂಬ ಕಾಗದ ತೋರಿಸದೆ ಮಾರುವವರ ಹತ್ತಿರ ಕೊಳ್ಳಬೇಡಿ. ಕೊಳ್ಳುವ ಮುಂಚೆ ಅರಣ್ಯ ಇಲಾಖೆಯಲ್ಲಿ ನೋಂದಣಿಯ ವಿಷಯ ಕೇಳಿ.

ನನ್ನನ್ನು ಕೇಳಿದರೆ, ಬೇಡ. ನಮ್ಮ ಹವೆಯಲ್ಲಿ ಅದನ್ನು ಸಾಕುವುದೆಂದರೆ ಫ್ರಿಜ್ಜಿನೊಳಗೆ ಸಾಕಿದ ಹಾಗೆ, ಫ್ರಿಜ್ಜು ಕೆಟ್ಟ ದಿನ ಅದರ ಕಥೆ ಮುಗಿಯಿತು. ಗಿನಿಪಿಗ್ ಇನ್ನೆರಡು ತನ್ನಿ, ಚಿಂಚಿಲಾದ ದಾಯಾದಿಯೇ, ಮಾತಾಡಿಸಿದರೆ ಉತ್ತರವನ್ನೂ ಕೊಡುತ್ತದೆ. ಮಗಳಿಗೆ ಚಿಂಚಿಲಾ ನೋಡುವ ಆಸೆ ಇದ್ದರೆ ತಮ್ಮನಿಗೆ ವಿಡಿಯೊ ಕರೆ ಮಾಡಿಸಿ. ಅಲ್ಲಿ ರಾತ್ರಿ ಒಂಬತ್ತಕ್ಕೆ ಅದು ಎದ್ದು ಬೂದಿ ಸ್ನಾನಕ್ಕೆ ಇಳಿಯುವ ಹೊತ್ತು, ನಿಮ್ಮಲ್ಲಿ ಮಗಳು ಶಾಲೆಗೆ ಏಳುವ ಹೊತ್ತು. ಹಾಗೇ ಹಲ್ಲಿನ ಬಣ್ಣ ಯಾವುದಿದೆ ಎಂದೂ ಒಮ್ಮೆ ನೋಡಿ ಹೇಳಲಿ.